ಹತ್ತು ಸಾವಿರ ಸಸಿ ಇಟ್ಟು ನಾಲ್ಕು ಸಾವಿರ ಕಿತ್ತಿದ್ದು

ಟೊಮೆಟೊ ನಾಟಿ ಮಾಡಿ 24ನೇ ದಿನ ಅದು. ಮೊದಲನೇ ದಾರ ಕಟ್ಟೋಣ ಅಂತ ನಾನೂ ನಮ್ಮತ್ತೆನೂ ಬೆಳಗ್ಗೆ ಆರೂವರೆಗೇ ಕೆಳಗಿನ ತಾಕಿಗೆ ಹೋಗಿದ್ವಿ. ಒಂದು ಗಿಡದ ಬುಡ ಹಿಡಿದು ಸ್ವಲ್ಪ ಮೇಲಕ್ಕೆ ಎತ್ತಿದೆ ಅಷ್ಟೆ, ಒಲೆ ಊದಿದಾಗ ಬೂದಿ ಏಳುತ್ತಲ್ಲ ಹಂಗೆ ಬೆಳ್ಳಗೆ ಪುಡಿಪುಡಿಯಾಗಿ ಎದ್ದು, ಒಂದು ಸುತ್ತು ಹಾರಿ, ಮತ್ತೆ ಹೋಗಿ ಎಲೆ ಅಡೀಲೇ ಕೂತ್ಕೊಂಡ್ವು. ಬಿಳಿ ನೊಣ. ಅದನ್ನ ನೋಡಿರ್ಲಿಲ್ಲ ಅಂತಲ್ಲ, ಟೊಮೆಟೊ ಹಾಕೋರು ಯಾರ್ ನೋಡಿರಲ್ಲ ಹೇಳಿ, ಆದ್ರೆ ಅಷ್ಟು ನೋಡಿರ್ಲಿಲ್ಲ. ಆಮೇಲೆ ಕಣ್ಣಿಟ್ಟು ನೋಡಿದ್ರೆ ಕುಡಿ ಎಲೆಗಳು ಕಿವಿ ತರ ಮೇಲಕ್ಕೆ ಮಡಚ್ಕೊಂಡಿದಾವೆ, ಅಂಚು ಹಳದಿ, ಎಲೆ ಸಣ್ಣ, ಗೆಣ್ಣಿಂದ ಗೆಣ್ಣಿಗೆ ಜಾಗಾನೇ ಇಲ್ಲ, ಪಕ್ಕದ ಗಿಡ ಮೊಣಕಾಲುದ್ದ ಬಂದಿದ್ರೆ ಇದು ಗೇಣುದ್ದಕ್ಕೇ ನಿಂತು ಪೊದೆ ಆಗ್ತಿದೆ. ನಮ್ಮತ್ತೆ ಒಂದೇ ಮಾತು ಅಂದ್ರು, "ಮುಟುರು ಬಿದ್ದೈತೆ ಕಣವ್ವ." ಎಲೆ ಮುದುಡ್ಕೊಳ್ಳೋ ವೈರಸ್ ರೋಗ ಅದು.

ನಮ್ದು ಅರಸೀಕೆರೆ ತಾಲ್ಲೂಕು, ಜಾವಗಲ್ ಕಡೆ. ಎಲ್ಲರ ಮನೇಲೂ ತೆಂಗು, ರಾಗಿ, ನೀರಿದ್ದೋರು ತರಕಾರಿ. ಒಂದೂವರೆ ಎಕರೆಗೆ ಹತ್ತಿರ ಹತ್ತಿರ ಹತ್ತು ಸಾವಿರ ಸಸಿ ಇಟ್ಟಿದ್ವಿ, 2024ರ ಫೆಬ್ರವರಿಲಿ. ಮೇಲಿನ ತಾಕು ಒಂದೆಕರೆ, ಕೆಳಗಿನದು ಅರ್ಧ. ಕೆಳಗಿನ ತಾಕಿನ ಬದು ಆಚೆಗೆ ಸಂಬಂಧದಲ್ಲಿ ಮಾವ ಆಗಬೇಕಾದೋರ ಹೊಲ. ಆ ಹೊಲದ ಕಥೆ ಆಮೇಲೆ ಹೇಳ್ತೀನಿ, ಯಾಕಂದ್ರೆ ಇದೆಲ್ಲಾ ಶುರುವಾಗಿದ್ದೇ ಅಲ್ಲಿಂದ, ಆದ್ರೆ ಅದು ನಮಗೆ ಗೊತ್ತಾಗಿದ್ದು ಬಹಳ ತಡವಾಗಿ.

ಅವತ್ತು ದಾರ ಕಟ್ಟೋದು ಬಿಟ್ಟು ಸಾಲು ಸಾಲು ಎಣಿಸಿದ್ವಿ. ಎರಡೂ ತಾಕು ಸೇರಿ 410 ಗಿಡ, ಅದ್ರಲ್ಲಿ ಮುನ್ನೂರು ಕೆಳಗಿನದ್ರಲ್ಲೇ. ನಮ್ಮೆಜಮಾನ್ರು ಅದೇ ಮಧ್ಯಾಹ್ನ ಔಷಧಿ ಅಂಗಡಿಗೆ ಹೋಗಿ ನಾಲ್ಕು ಬಾಟ್ಲು ತಂದ್ರು, ಮೂರು ಸಾವಿರದ ಎಂಟುನೂರು ರೂಪಾಯಿ. ಅಂಗಡಿಯೋರು "ವೈರಸ್‌ಗೆ ಸ್ಪೆಷಲ್, ಮೂರ್ ದಿನದಲ್ಲಿ ಚಿಗುರು ಬರುತ್ತೆ ನೋಡಿ" ಅಂದಿದ್ರಂತೆ. ನಂಬಿದ್ವಿ, ಆ ಟೈಮಲ್ಲಿ ಯಾರಾದ್ರೂ ಸರಿ ಹೋಗುತ್ತೆ ಅಂದ್ರೆ ಸಾಕಾಗಿರುತ್ತೆ. ನಾಲ್ಕನ್ನೂ ಒಂದೇ ಡ್ರಮ್ಮಿಗೆ ಸುರಿದು ಹೊಡೆದ್ವಿ. ಎರಡು ದಿನ ನೊಣ ಕಮ್ಮಿ ಆದಂಗೆ ಕಾಣಿಸ್ತು. ಒಂದು ವಾರ ಬಿಟ್ಟು ಎಣಿಸಿದ್ರೆ ಸಾವಿರದ ಮುನ್ನೂರು ಗಿಡ. ನೊಣ ಮೊದಲಿಗಿಂತ ಜಾಸ್ತಿ.

ಅವತ್ತು ರಾತ್ರಿ ಊಟ ಸೇರ್ಲಿಲ್ಲ. ಬೆಳಗ್ಗೆ ನಾನೇ ಬುಡ ಸಮೇತ ಐದು ಗಿಡ ಕಿತ್ತು, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಖಾಲಿ ಬಾಟ್ಲುಗಳನ್ನೂ ಬ್ಯಾಗಲ್ಲಿ ಹಾಕ್ಕೊಂಡು ಹಳೇಬೀಡು ಮೇಲೆ ಹಾಸನದ ಬಸ್ ಹತ್ತಿ ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಬಾಟ್ಲು ತಗೊಂಡು ಹೋಗಿದ್ದು ನಾನು ಮಾಡಿದ ಒಳ್ಳೆ ಕೆಲಸ, ನೀವೂ ಹೋಗೋದಾದ್ರೆ ಗಿಡದ ಜೊತೆ ಹೊಡೆದ ಔಷಧಿ ಲೇಬಲ್ ಕೂಡ ತಗೊಂಡೋಗಿ.

ಅಲ್ಲಿದ್ದ ಮೇಡಂ ಗಿಡಗಳನ್ನ ಟೇಬಲ್ ಮೇಲೆ ಹರಡಿ ನೋಡಿ ಐದ್ರಲ್ಲಿ ಒಂದನ್ನ ಪಕ್ಕಕ್ಕಿಟ್ರು. "ಇವು ನಾಲ್ಕು ಎಲೆ ಮುಟುರು, ಬಿಳಿ ನೊಣದಿಂದ ಬರೋದು. ಇದೊಂದು ಬೇರೆ." ಆ ಐದನೇ ಗಿಡದ ಎಲೆ ಮಡಚಿರ್ಲಿಲ್ಲ, ತಾಮ್ರದ ಬಣ್ಣಕ್ಕೆ ತಿರುಗಿ ಚುಕ್ಕೆ ಚುಕ್ಕೆ ಆಗಿತ್ತು, ಕಾಂಡದ ಮೇಲೆ ಕಂದು ಗೀರು, ಕುಡಿ ಸುಟ್ಟಂಗೆ ಒಣಗಿತ್ತು. ಅದು ಥ್ರಿಪ್ಸ್ ನುಸಿ ತರೋ ವೈರಸ್ಸಂತೆ, ಶೇಂಗಾದಲ್ಲಿ ಕುಡಿ ಸಾಯುತ್ತಲ್ಲ ಅದೇ, ಟೊಮೆಟೊಗೂ ಬರುತ್ತೆ, ಕಾಯಿ ಕಟ್ಟಿದ ಮೇಲೆ ಬಂದ್ರೆ ಹಣ್ಣಿನ ಮೇಲೆ ಉಂಗುರ ಉಂಗುರ ಬೀಳುತ್ತೆ, ಅಂಥ ಹಣ್ಣು ಮಾರ್ಕೆಟ್ಟಲ್ಲಿ ಯಾರೂ ಮುಟ್ಟಲ್ಲ. ನಾವು ಊರಲ್ಲಿ ಎಲ್ಲದಕ್ಕೂ "ವೈರಸ್" ಅಂತ ಒಂದೇ ಹೆಸರಿಟ್ಟು ಒಂದೇ ಔಷಧಿ ಹೊಡೀತೀವಿ, ತರೋ ಹುಳಾನೇ ಬೇರೆ ಬೇರೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಬಿಳಿ ನೊಣಕ್ಕೆ ಹಳದಿ ಅಂಟು ಕಾರ್ಡು, ಥ್ರಿಪ್ಸ್‌ಗೆ ನೀಲಿ. ಅದೂ ಅವತ್ತೇ.

ಆಮೇಲೆ ಬಾಟ್ಲು ನೋಡಿದ್ರು. ಒಂದ್ರಲ್ಲಿ ಇಮಿಡಾಕ್ಲೋಪ್ರಿಡ್, ಇನ್ನೊಂದ್ರಲ್ಲಿ ಥಯಾಮೆಥಾಕ್ಸಾಮ್. ಹೆಸರು ಬೇರೆ, ಗುಂಪು ಒಂದೇ, ಕೆಲಸ ಮಾಡೋ ರೀತಿ ಒಂದೇ, ಅಂದ್ರೆ ಒಂದಕ್ಕೆ ಬಗ್ಗದ ನೊಣ ಇನ್ನೊಂದಕ್ಕೂ ಬಗ್ಗಲ್ಲ. ಮೂರನೇದು ಸೈಪರ್‌ಮೆಥ್ರಿನ್ ಇದ್ದ ಮಿಕ್ಸು. ಅದನ್ನ ನೋಡಿ ಅವರು ಸ್ವಲ್ಪ ಹೊತ್ತು ಸುಮ್ನಿದ್ರು. ಈ ಜಾತಿ ಔಷಧಿ ಹೊಡೆದ್ರೆ ಬಿಳಿ ನೊಣ ತಿನ್ನೋ ಗುಲಗಂಜಿ ಹುಳ, ಜೇಡ, ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನ ಕೊಲ್ಲೋ ಸಣ್ಣ ಕಣಜ ಎಲ್ಲಾ ಮೊದಲು ಸಾಯ್ತವಂತೆ, ನೊಣ ಉಳ್ಕೊಂಡು ದುಪ್ಪಟ್ಟಾಗುತ್ತಂತೆ. ನಾಲ್ಕನೇದು ಬರೀ ಟಾನಿಕ್ಕು. ದುಡ್ಡು ಕೊಟ್ಟು ನೊಣ ಸಾಕಿದಂಗಾಯ್ತು ಅಂತ ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಅವರು ಹೇಳಿದ್ರಲ್ಲಿ ನನ್ನ ತಲೇಲಿ ಉಳಿದಿದ್ದು ಇಷ್ಟು. ವೈರಸ್ ಹೊಕ್ಕ ಗಿಡಕ್ಕೆ ಔಷಧಿ ಅಂತ ಇಲ್ಲವೇ ಇಲ್ಲ, ಯಾರು ಇದೆ ಅಂದ್ರೂ ಸುಳ್ಳು, ನಾವು ಹೊಡೆಯೋದೆಲ್ಲಾ ತಂದು ಹಚ್ಚೋ ನೊಣಕ್ಕೆ ಮಾತ್ರ. ನೊಣ ಒಂದು ಸಲ ರೋಗದ ಗಿಡದ ರಸ ಹೀರಿದ್ರೆ ಒಳಗೆ ಸ್ವಲ್ಪ ಹೊತ್ತು ಬೇಕು ಅಷ್ಟೆ, ಮಾರನೇ ದಿನದ ಹೊತ್ತಿಗೆ ಹಚ್ಚೋಕೆ ಶುರು ಮಾಡುತ್ತೆ, ಆಮೇಲೆ ಬಹಳ ದಿನ ಅದನ್ನ ಹೊತ್ಕೊಂಡೇ ತಿರುಗುತ್ತೆ. ಬೇಸಿಗೇಲಿ ಮೊಟ್ಟೆಯಿಂದ ರೆಕ್ಕೆ ಬರೋಕೆ ಎರಡರಿಂದ ಮೂರು ವಾರ ಸಾಕು. ನಾಟಿ ಮಾಡಿದ ಮೊದಲನೇ ತಿಂಗಳಲ್ಲಿ ರೋಗ ಹತ್ತಿದ ಗಿಡ ಹೆಚ್ಚುಕಮ್ಮಿ ಏನೂ ಕೊಡಲ್ಲ, ಎರಡು ತಿಂಗಳಾದ ಮೇಲೆ ಹತ್ತಿದ್ರೆ ಫಸಲು ಪರವಾಗಿಲ್ಲ. ಹಂಗಾಗಿ ಕಾಪಾಡಬೇಕಾಗಿರೋದು ಆ ಮೊದಲನೇ ನಲವತ್ತೈವತ್ತು ದಿನ. "ಕಾಯಿಲೆ ಗಿಡದ ಮೇಲೆ ಆಸೆ ಇಟ್ಕೋಬೇಡಿ, ಅದು ನಿಮ್ಮ ಗಿಡ ಅಲ್ಲ ಈಗ, ನೊಣದ್ದು" ಅಂದ್ರು.

ಕೊನೆಗೆ ಕೇಳಿದ್ರು, ಸುತ್ತಮುತ್ತ ಹಳೇ ಟೊಮೆಟೊ, ಮೆಣಸಿನಕಾಯಿ ತಾಕು ಏನಾದ್ರೂ ಇದೆಯಾ ಅಂತ.

ಇತ್ತು. ಬದು ಆಚೆಗೇ ಇತ್ತು.

2023ರ ಜುಲೈ ನಿಮಗೆ ನೆನಪಿರುತ್ತೆ. ಟೊಮೆಟೊ ಕೆಜಿ ನೂರು ದಾಟಿ, ಬೇಲೂರು ತಾಲ್ಲೂಕಲ್ಲಿ ಹೊಲಕ್ಕೇ ನುಗ್ಗಿ ಹಣ್ಣು ಕದ್ರು ಅಂತ ಟಿವಿಲೆಲ್ಲಾ ಬಂತಲ್ಲ, ಅದು ನಮ್ಮ ಪಕ್ಕದ ಹಳೇಬೀಡು ಕಡೆ. ಅದನ್ನ ನೋಡಿ ನಮ್ಮೂರಲ್ಲಿ ಯಾವತ್ತೂ ಟೊಮೆಟೊ ಹಾಕದೇ ಇದ್ದೋರೂ ಹಾಕಿದ್ರು. ಸೆಪ್ಟೆಂಬರ್ ಹೊತ್ತಿಗೆ ರೇಟ್ ನೆಲ ಕಚ್ತು. ಮಳೆನೂ ಆ ವರ್ಷ ಕೈಕೊಟ್ಟಿತ್ತು. ಮಾವ ಸಾಲ ಮಾಡಿ ತೆಂಗಿನ ಸಸಿ ಮಧ್ಯ ಒಂದೆಕರೆ ಹಾಕಿದ್ರು, ದೀಪಾವಳಿ ಹೊತ್ತಿಗೆ ಹಣ್ಣು ಬರುತ್ತೆ ಅಂತ. ಅದಕ್ಕೆ ಮೊದಲೇ ಮುಟುರು ಬಿದ್ದು ಕಾಯಿ ಗೋಲಿಯಷ್ಟಕ್ಕೇ ನಿಂತಿತ್ತು, ಬಿಡಿಸೋ ಕೂಲಿನೂ ಗಿಟ್ಟಲ್ಲ ಅಂತ ಬಿಟ್ಬಿಟ್ರು. ಬಿಟ್ಟಿದ್ರೆ ಒಣಗಿ ಹೋಗ್ಬೇಕಿತ್ತು, ಆದ್ರೆ ತೆಂಗಿನ ಸಸಿಗೆ ಡ್ರಿಪ್ ಬಿಡಲೇಬೇಕಲ್ಲ, ಅದೇ ಪೈಪಿನ ನೀರು ಕುಡಿದು ಆ ಕಾಯಿಲೆ ಗಿಡಗಳು ಮಾರ್ಚ್ ತನಕ ಹಸಿರಾಗೇ ನಿಂತಿದ್ವು. ಉದುರಿದ ಹಣ್ಣಿನ ಬೀಜ ಮೊಳೆತು ಅಡೀಲಿ ಹೊಸ ಸಸಿ ಬೇರೆ. ಸುತ್ತ ಕಾಂಗ್ರೆಸ್ ಗಿಡ, ಅದ್ರಲ್ಲೂ ಈ ವೈರಸ್ ಉಳ್ಕೊಳ್ಳುತ್ತಂತೆ. ಮೂರು ತಿಂಗಳಿಂದ ನೊಣಕ್ಕೆ ಊಟ, ಮನೆ, ಕಾಯಿಲೆ ಮೂರೂ ಒಂದೇ ಕಡೆ ಸಿಕ್ಕಿತ್ತು. ಗಾಳಿ ಆ ಕಡೆಯಿಂದ ಈ ಕಡೆಗೆ. ನಾವು ಹೊಸ ಎಳೇ ಸಸಿ ತಂದು ಅದರ ಬಾಯಿಗೇ ಇಟ್ವಿ.

ಸಸಿ ತಂದಿದ್ದ ನರ್ಸರಿಗೂ ಒಂದ್ಸಲ ಹೋಗಿ ನೋಡ್ಕೊಂಡು ಬಂದೆ. ಮೇಲೆ ಹಸಿರು ನೆರಳು ಬಲೆ, ಪಕ್ಕ ಎಲ್ಲಾ ಓಪನ್ನು. ನೆರಳು ಬಲೆ ಬಿಸಿಲು ತಡೆಯುತ್ತೆ, ನೊಣ ಆರಾಮಾಗಿ ಒಳಗೆ ಹೋಗುತ್ತೆ. ಅದಕ್ಕೆ ಸಣ್ಣ ಕಣ್ಣಿನ ಬಿಳಿ ಬಲೆ ಬೇಕು, 40-50 ಮೆಶ್ಶಿಂದು. ಸಸಿ ಒಂದೂಕಾಲು ರೂಪಾಯಿಗೆ ಸಿಗುತ್ತೆ ಅಂತ ಇದನ್ನೆಲ್ಲಾ ನೋಡದೇ ತಂದಿದ್ವಿ.

ಗಿಡ ಕೀಳೋದು ಅಂತ ತೀರ್ಮಾನ ಆದ ಮೇಲೆ ಮನೇಲಿ ಎರಡು ದಿನ ಜಗಳ. ಮೇಲಿನ ತಾಕಲ್ಲಿ ಕಾಯಿಲೆ ಇರೋದನ್ನ ಮಾತ್ರ ಕೀಳೋಣ, ಕೆಳಗಿನ ಅರ್ಧ ಎಕರೆ ಪೂರ್ತಿ ತೆಗೆದುಬಿಡೋಣ ಅಂತ ನಾನು. ಕೆಳಗೆ ಮೂರು ಸಾವಿರದ ನೂರು ಗಿಡ, ಅದ್ರಲ್ಲಿ ಸಾವಿರಕ್ಕೆ ಕಾಯಿಲೆ, ಉಳಿದ ಎರಡು ಸಾವಿರ ಚೆನ್ನಾಗೇ ಕಾಣ್ತಿದ್ವು, ಕೆಲವು ಹೂವು ಬಿಟ್ಟಿದ್ವು. "ಹೂವು ಬಿಟ್ಟಿರೋ ಗಿಡ ಕೀಳ್ತಾರೇನೇ" ಅಂತ ನಮ್ಮತ್ತೆ ಅತ್ತೇಬಿಟ್ರು. ಆ ಮಾತು ಸುಳ್ಳಲ್ಲ, ನನಗೂ ಕೈ ಬರ್ತಿರ್ಲಿಲ್ಲ. ಆದ್ರೆ ಇವತ್ತು ಚೆನ್ನಾಗಿ ಕಾಣೋ ಗಿಡದಲ್ಲಿ ವೈರಸ್ ಆಗಲೇ ಹೊಕ್ಕಿರಬಹುದು, ಹೊರಗೆ ತೋರ್ಸೋಕೆ ಎರಡು ಮೂರು ವಾರ ಹಿಡಿಯುತ್ತೆ ಅಂತ ಮೇಡಂ ಹೇಳಿದ್ದು ಕಿವೀಲಿತ್ತು. ಕೊನೆಗೆ ನಮ್ಮೆಜಮಾನ್ರು ಅಂದ್ರು, ಅರ್ಧ ಹೋದ್ರೆ ಹೋಗ್ಲಿ, ಒಂದೆಕರೆ ಉಳಿಸ್ಕೊಳ್ಳೋಣ.

ಕೀಳೋ ರೀತಿ ಇದೆಯಲ್ಲ ಅದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬಹಳ ಜನ ಇಲ್ಲೇ ತಪ್ಪು ಮಾಡ್ತಾರೆ, ಸುಮ್ನೆ ಕಿತ್ತು ಬದುಗೆ ಎಸೀತಾರೆ, ಗಿಡ ಬಾಡ್ತಿದ್ದಂಗೆ ನೊಣ ಎದ್ದು ಪಕ್ಕದ ಗಿಡಕ್ಕೆ ಹೋಗಿ ಕೂರುತ್ತೆ. ಹಿಂದಿನ ದಿನ ಸಂಜೆ ಎಲೆ ಅಡಿ ನೆನೆಯೋ ಹಂಗೆ ಬೇವಿನ ಎಣ್ಣೆ ಹೊಡೆದ್ವಿ, ಲೀಟರಿಗೆ 5 ಎಂಎಲ್, ಸ್ವಲ್ಪ ಸೋಪು ನೀರು ಹಾಕಿ. ಮಾರನೇ ದಿನ ಬೆಳಕು ಹರಿಯೋಕೆ ಮುಂಚೆನೇ ಹೋದ್ವಿ, ಆ ಚಳಿಗೆ ನೊಣ ಮಂಕಾಗಿರುತ್ತೆ, ಹಾರಲ್ಲ. ಒಬ್ಬರು ಖಾಲಿ ಗೊಬ್ಬರದ ಚೀಲದ ಬಾಯಿ ಅಗಲ ಮಾಡಿ ಗಿಡದ ಮೇಲಿಂದ ನಿಧಾನ ಇಳಿಸೋದು, ಬುಡದ ಹತ್ರ ಬಾಯಿ ಮುದುರಿ ಹಿಡ್ಕೊಳ್ಳೋದು, ಇನ್ನೊಬ್ಬರು ಬುಡ ಹಿಡಿದು ಎಳೆಯೋದು, ಗಿಡ ಚೀಲದ ಒಳಗೇ. ಮುಂದಿನ ಗಿಡಕ್ಕೆ ಇನ್ನೊಂದು ಚೀಲ. ಗಿಡ ಒಳಗೆ ಬಂದ ತಕ್ಷಣ ಚೀಲದ ಬಾಯಿ ಕಟ್ಟಿ ಬಿಸಿಲಲ್ಲಿ ಇಡ್ತಿದ್ವಿ, ಮಧ್ಯಾಹ್ನಕ್ಕೆ ಒಳಗೆ ಬೇಯ್ದಂಗೆ ಆಗಿರೋದು. ಸಂಜೆ ಮೂಲೇಲಿ ತೋಡಿದ್ದ ಗುಂಡಿಗೆ ಹಾಕಿ ಮೊಳದುದ್ದ ಮಣ್ಣು. ಮೇಲಿನ ತಾಕಲ್ಲಿ ಹಿಂಗೆ ಒಂದೊಂದೇ ಮಾಡಿದ್ವಿ, ಕೆಳಗಿನದ್ರಲ್ಲಿ ಅಷ್ಟು ನಾಜೂಕು ಮಾಡೋಕಾಗಲ್ಲ, ಬದು ಕಡೆಯಿಂದ ಶುರು ಮಾಡಿ ಸಾಲು ಸಾಲೇ ಎಳೆದು ಗುಂಡಿಗೆ ಹಾಕಿದ್ವಿ. ಮೂರು ದಿನ ಹಿಡೀತು. ಟೊಮೆಟೊ ಗಿಡ ಕಿತ್ತೋರಿಗೆ ಗೊತ್ತು, ಕೈ ಎಲ್ಲಾ ಹಸಿರು ಕರೆ ಹತ್ಕೊಂಡು ಸೋಪಿಗೂ ಬಿಡಲ್ಲ, ಅನ್ನಕ್ಕೆ ಕೈ ಹಾಕಿದ್ರೂ ಅದೇ ವಾಸನೆ.

ಮಧ್ಯದಲ್ಲೊಂದು ಬೇಜಾರಿನ ವಿಷಯ ಆಯ್ತು. ನಮ್ಮಲ್ಲಿ ಕೂಲಿಗೆ ಬರ್ತಿದ್ದ ಅಕ್ಕನ್ನ ಊರಲ್ಲಿ ಇಬ್ಬರು ಕೆಲಸಕ್ಕೆ ಕರೆಯೋದು ನಿಲ್ಲಿಸಿದ್ರು. "ಅವರ ಹೊಲದಲ್ಲಿ ಮುಟ್ಟಿದ ಕೈಲಿ ನಮ್ಮ ಗಿಡ ಮುಟ್ಟಿದ್ರೆ ಬರುತ್ತೆ" ಅಂತ. ಕೈಯಿಂದ ಹರಡೋ ವೈರಸ್ಸೂ ಇದೆ, ಮೊಸಾಯಿಕ್ ಅಂತ, ಎಲೆ ಮೇಲೆ ತಿಳಿ ಹಸಿರು ಗಾಢ ಹಸಿರು ತೇಪೆ ತೇಪೆ ಬರುತ್ತಲ್ಲ ಅದು, ಬೀಡಿ ಹೊಗೆಸೊಪ್ಪು ಮುಟ್ಟಿದ ಕೈಲಿ ಕೂಡ ಬರುತ್ತಂತೆ. ಆದ್ರೆ ನಮ್ಮ ಹೊಲದಲ್ಲಿದ್ದಿದ್ದು ಅದಲ್ಲ. ಎಲೆ ಮುಟುರು ಕೈಯಿಂದ ಬರಲ್ಲ, ಮಣ್ಣಿಂದ ಬರಲ್ಲ, ಗೊಬ್ಬರದಿಂದ ಬರಲ್ಲ. ನಾನು ಆ ಇಬ್ಬರ ಮನೆಗೂ ಹೋಗಿ ಹೇಳಿದೆ, ಒಬ್ಬರು ಕೇಳಿದ್ರು, ಇನ್ನೊಬ್ಬರು ಕೇಳ್ಲಿಲ್ಲ. ಎರಡು ವಾರದ ಕೂಲಿ ಹೋಯ್ತು ಆ ಅಕ್ಕಂಗೆ, ಅವಳ ತಪ್ಪೇನೂ ಇರ್ಲಿಲ್ಲ. ಈಗ ನೆನೆಸ್ಕೊಂಡ್ರೂ ಸಂಕಟ ಆಗುತ್ತೆ.

ಮಾವನ ಹೊಲ ಹಾಗೇ ನಿಂತಿರೋವರೆಗೂ ನಾವು ಕಿತ್ತಿದ್ದೆಲ್ಲಾ ನೀರಲ್ಲಿ ಹೋಮ. ಅವರನ್ನ ಹೆಂಗೆ ಕೇಳೋದು? ಎಪ್ಪತ್ತು ಎಂಬತ್ತು ಸಾವಿರ ಕಳ್ಕೊಂಡಿರೋ ಮನುಷ್ಯ, ಆ ತಾಕಿನ ಕಡೆ ಮುಖ ಹಾಕಿ ನೋಡೋಕೂ ಇಷ್ಟ ಇಲ್ಲ ಅವರಿಗೆ. "ನಿಮ್ಮ ಹೊಲದಿಂದ ನಮಗೆ ಬಂತು" ಅಂದ್ರೆ ಮುಗೀತು, ಮಾತೇ ನಿಲ್ಲುತ್ತೆ. ನಮ್ಮೆಜಮಾನ್ರು ಮೊದಲನೇ ಸಲ ಹೋಗಿ ಹಂಗೇ ಹೇಳಿ ಕೆಡಿಸ್ಕೊಂಡು ಬಂದಿದ್ರು. ನಾನು ಹೋದಾಗ ಜಗಲಿ ಮೇಲೆ ಕೂತಿದ್ರು, ಕಾಫಿ ಕೊಟ್ರು, ಬೆಲೆ ಬಗ್ಗೆ ಮಾತಾಡಿದ್ವಿ, ನಾವು ಕಿತ್ತ ವಿಷಯ ಹೇಳಿದೆ. "ಹೂವು ಬಿಟ್ಟಿದ್ದನ್ನೂ ಕಿತ್ರಾ?" ಅಂತ ಎರಡು ಸಲ ಕೇಳಿದ್ರು. ಹೌದು ಮಾವ ಅಂದೆ. ಬಹಳ ಹೊತ್ತು ಬಿಟ್ಟು, "ಕೀಳೋಕೆ ಕೂಲಿಗೆ ನನ್ನತ್ರ ದುಡ್ಡಿಲ್ಲ ಕಣವ್ವ, ಬ್ಯಾಡ ಅಂತ ಬುಟ್ಟಿಲ್ಲ ನಾನು" ಅಂದ್ರು. ಅದು ನಮಗೆ ಹೊಳೆದೇ ಇರ್ಲಿಲ್ಲ. ಅಸಡ್ಡೆ ಅಂತ ಅಂದ್ಕೊಂಡಿದ್ವಿ.

ಐದು ಮನೆಯೋರು ಸೇರ್ಕೊಂಡ್ವಿ, ಮುಯ್ಯಾಳು ಲೆಕ್ಕದಲ್ಲಿ, ಅಂದ್ರೆ ಕೂಲಿ ಇಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿಯೋದು. ರಾಗಿ ಕುಯ್ಲಿಗೆ ಮುಯ್ಯಿ ಮಾಡ್ತೀವಲ್ಲ ಹಂಗೆ. ಮೊದಲು ಪೂರ್ತಿ ತಾಕಿಗೆ ಬೇವಿನೆಣ್ಣೆ, ಮೂರನೇ ದಿನ ಬೆಳಗ್ಗೆ ಹನ್ನೆರಡು ಜನ ಒಂದೇ ಸಲ ಇಳಿದು ಮಧ್ಯಾಹ್ನಕ್ಕೆ ಎಕರೆ ಖಾಲಿ. ಕಾಂಗ್ರೆಸ್ ಗಿಡನೂ ಹೂವು ಬಿಡೋ ಮುಂಚೆ ಬದು ಮೇಲಿನದೂ ಸೇರಿ ತೆಗೆದ್ವಿ. ಊರ ಹಿಂದೆ ಇನ್ನೆರಡು ಹಳೇ ಮೆಣಸಿನಕಾಯಿ ತಾಕು ಇತ್ತು, ಒಂದನ್ನ ತೆಗೆಸಿದ್ವಿ, ಇನ್ನೊಂದರ ಯಜಮಾನರು ಬೆಂಗಳೂರಲ್ಲಿ ಇರೋರು, ಫೋನ್ ಎತ್ಲಿಲ್ಲ, ಅದು ಹಂಗೇ ಉಳೀತು.

ಮೇಲಿನ ಎಕರೆ ಉಳೀತಾ ಅಂದ್ರೆ, ಬಹುಪಾಲು ಉಳೀತು. ಹಳದಿ ಬಣ್ಣದ ತಗಡಿಗೆ ಹರಳೆಣ್ಣೆ ಸವರಿ ಗಿಡದ ಕುಡಿ ಎತ್ತರಕ್ಕೆ ಅಲ್ಲಲ್ಲಿ ನೇತು ಹಾಕಿದ್ವಿ, ಮೂರು ದಿನಕ್ಕೊಂದ್ಸಲ ಒರೆಸಿ ಮತ್ತೆ ಸವರೋದು, ಎಷ್ಟು ಬಿದ್ದಿದಾವೆ ಅಂತ ನೋಡಿ ಹೊಡೀಬೇಕಾ ಬೇಡ್ವಾ ಅಂತ ತೀರ್ಮಾನ. ಔಷಧಿ ಗುಂಪು ಬದಲಾಯಿಸಿ ಬರೀ ಎರಡು ಸಲ, ಉಳಿದಂಗೆ ಬೇವಿನದ್ದೇ. ಪ್ರತಿ ಸೋಮವಾರ, ಶುಕ್ರವಾರ ಚೀಲ ಹಿಡ್ಕೊಂಡು ಸಾಲು ಸುತ್ತೋದು. ಮೊದಲು ಮುನ್ನೂರು, ಆಮೇಲೆ ವಾರಕ್ಕೆ ನೂರೈವತ್ತು, ಎಂಬತ್ತು, ಇಪ್ಪತ್ತು, ಹಂಗೆ ಇಳೀತು. ಎಲ್ಲಾ ಸೇರಿ ಹತ್ತಿರ ನಾಲ್ಕು ಸಾವಿರ ಗಿಡ ಕಳ್ಕೊಂಡ್ವಿ. ಜೂನಲ್ಲಿ ರೇಟ್ ಏರಿದ್ದಕ್ಕೆ ಹಾಕಿದ ದುಡ್ಡು ಬಂತು, ನಮ್ಮ ಕೂಲಿ ಬಂತು, ಲಾಭ ಅಂತ ಹೇಳ್ಕೊಳ್ಳೋಷ್ಟು ಇಲ್ಲ.

ಕೆಳಗಿನ ತಾಕಿಗೆ ಆ ಮುಂಗಾರಿಗೆ ರಾಗಿ ಹಾಕಿದ್ವಿ. ರಾಗಿ ಮೇಲೆ ಆ ನೊಣಕ್ಕೂ ಕೆಲಸ ಇಲ್ಲ, ವೈರಸ್ಸಿಗೂ ಇಲ್ಲ. ಅದಾದ ಮೇಲಿನ ಟೊಮೆಟೊಗೆ ಸಸಿ ನಾವೇ ಬೆಳೆಸಿದ್ವಿ, ಬಿದಿರು ಬಗ್ಗಿಸಿ ಅದ್ರ ಮೇಲೆ ಬಿಳಿ ನೈಲಾನ್ ಬಲೆ, ಅಂಚಿಗೆಲ್ಲಾ ಮಣ್ಣು ಮುಚ್ಚಿ. ನಾಟಿಗೆ ಇಪ್ಪತ್ತು ದಿನ ಮುಂಚೆ ತಾಕಿನ ಸುತ್ತ ಎರಡು ಸಾಲು ಮುಸುಕಿನ ಜೋಳ, ಒತ್ತಾಗಿ. ಸಾಲಿಗೆ ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟು, ಆ ಹೊಳಪಿಗೆ ನೊಣ ಇಳಿಯೋಕೆ ಹಿಂಜರಿಯುತ್ತೆ. ಅರ್ಧಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಹಾಕಿದ್ವಿ, ಎಲೆ ಮುಟುರು, ಸೊರಗು ರೋಗ, ಬೇಗ ಬರೋ ಅಂಗಮಾರಿ ಮೂರನ್ನೂ ತಡ್ಕೊಳ್ಳೋ ತಳಿ ಅದು. ತಡ್ಕೊಳ್ಳೋ ತಳಿ ಅಂತ ಬಲೆ, ಬದು ಬಿಟ್ಟು ಕೂರಬೇಡಿ, ಥ್ರಿಪ್ಸ್ ತರೋ ಕುಡಿ ಒಣಗೋ ರೋಗಕ್ಕೆ ಅದೂ ನಿಲ್ಲಲ್ಲ, ನಮ್ಮಲ್ಲಿ ಹತ್ತಿಪ್ಪತ್ತು ಗಿಡಕ್ಕೆ ಬಂತು, ಕಿತ್ತು ಹಾಕಿದ್ವಿ.

ಊರಲ್ಲಿ ಒಂದು ಮಾತಾಗಿತ್ತು, ಒಂದು ತಾಕು ಮುಗಿದ ಮೇಲೆ ಗಿಡ ನಿಲ್ಲಿಸಬಾರದು, ಹೊಸ ನಾಟಿಗೂ ಹಳೇದಕ್ಕೂ ಮಧ್ಯ ಒಂದೂವರೆ ತಿಂಗಳಾದ್ರೂ ಗ್ಯಾಪ್ ಕೊಡಬೇಕು ಅಂತ. ಎಲ್ಲರೂ ಪಾಲಿಸ್ತಿದಾರೆ ಅಂತ ಹೇಳಲ್ಲ. ಹೋದ ವಾರ ರಾತ್ರಿ ಎಂಟು ಗಂಟೆಗೆ ಮಾವ ಫೋನ್ ಮಾಡಿದ್ರು. ಅವರದೂ ಈ ಸಲ ಅರ್ಧ ಎಕರೆ ಇತ್ತು. "ಇವತ್ತು ಕೊನೇ ಬಿಡ್ಸು ಆಯ್ತು ಕಣವ್ವ, ಬೆಳಗ್ಗೆ ಎಣ್ಣೆ ಹೊಡೆದು ನಾಳಿದ್ದು ಕೀಳ್ತೀನಿ, ನಿಮ್ಮನೇಲಿ ಖಾಲಿ ಚೀಲ ಎಷ್ಟೈತೆ?" ಮೂವತ್ತಿತ್ತು, ಮೂವತ್ತೂ ಕೊಟ್ಟು ಬಂದೆ.